ತಾಪ ಕಾಣುವ ಕ್ಯಾಮೆರಾ



ಗಡಿಯಲ್ಲಿ ಬಾಳುವೆ ಮಾಡುವ ನಮಗೆ ಒಂದೇ ಶಬ್ದವನ್ನು ಎರಡು ಅರ್ಥದಲ್ಲಿ ಬಳಸುವುದು ಹುಟ್ಟಿನಿಂದ ಬಂದ ರೂಢಿ. ‘ತಾಪ’ ಎಂಬ ಶಬ್ದವನ್ನೇ ನೋಡಿರಿ. ಜತ್ತದ ಪೇಟೆಯಲ್ಲಿ ಮರಾಠಿಯವರು ‘ತಾಪ ಆಲಾಯ್’ ಎಂದರೆ ಜ್ವರ ಬಂದಿದೆ ಎಂದು ಅರ್ಥ. ಅದೇ ನಾವು ಮನೆಗೆ ಬಂದು ಕನ್ನಡದಲ್ಲಿ ‘ಬಿಸಿಲಿನ ತಾಪ’ ಎಂದಾಗ ಅದು ಬರೀ ಬಿಸಿ. ಜ್ವರವೆಂಬುದು ರೋಗದ ಗುರುತು. ಬಿಸಿಯಾದರೋ ಒಲೆಯ ಮೇಲಿನ ಹಂಚಿಗೂ ಇರುತ್ತದೆ. ಈ ಎರಡು ತಾಪಗಳ ಗೊಂದಲದಲ್ಲಿ ನಾನೇ ಒಮ್ಮೆ ಸಿಕ್ಕಿಬಿದ್ದೆ. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ.

2020ರ ಬೇಸಿಗೆ, ಕರೋನಾದ ಕಾಲ. ಮಗಳನ್ನು ವಿಜಯಪುರದ ಕಡೆ ಕೊಟ್ಟಿದ್ದೇವೆ. ಪರವಾನಗಿ ಮಾಡಿಸಿಕೊಂಡು, ಅಳಿಯನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು, ನಡುಮಧ್ಯಾಹ್ನ ಗಡಿಯ ತಪಾಸಣೆ ಠಾಣೆಗೆ ಬಂದೆವು. ಅಲ್ಲಿದ್ದ ಹುಡುಗ ಪಿಸ್ತೂಲಿನಂಥ ಸಾಧನವನ್ನು ನನ್ನ ಹಣೆಗೆ ಹಿಡಿದ. “ಕಾಕಾ, ತಾಪ ಐತ್ರಿ ನಿಮಗ. ಮುಂದ ಬಿಡಾಕ ಬರಾಂಗಿಲ್ಲ” ಎಂದ. ನನಗೆ ಜ್ವರವಿರಲಿಲ್ಲ. ತಾಸುಗಟ್ಟಲೆ ಬಿಸಿಲು ಬಡಿದ ಹಣೆ ಅದು. “ತಮ್ಮಾ, ಆ ಬೇವಿನ ಗಿಡದ ಬುಡಕ ಅರ್ಧಾ ತಾಸ ಕುಂದರ್ತೀನಿ, ಆಮ್ಯಾಲ ನೋಡು” ಎಂದೆ. ನೆರಳಲ್ಲಿ ಕುಳಿತು ಎದ್ದ ಮೇಲೆ ಅದೇ ಸಾಧನ, ಅದೇ ಹಣೆ, ಆದರೆ ಜ್ವರವಿಲ್ಲ! ಹುಡುಗನ ತಪ್ಪೇನೂ ಇರಲಿಲ್ಲ. ಸಾಧನ ಅಳೆದದ್ದು ಕನ್ನಡದ ತಾಪವನ್ನು, ಅವನು ಓದಿದ್ದು ಮರಾಠಿಯ ತಾಪವನ್ನು.

ಆ ಪಿಸ್ತೂಲು ನೋಡುವುದು ಒಂದು ಸಣ್ಣ ಜಾಗವನ್ನು ಮಾತ್ರ. ಅದರ ಅಣ್ಣನಂಥದು ಅವಕೆಂಪು ಕ್ಯಾಮೆರಾ. ಅದು ಒಮ್ಮೆಗೇ ಸಾವಿರಾರು ಬಿಂದುಗಳ ಬಿಸಿಯನ್ನು ಅಳೆದು, ಬಣ್ಣ ಹಚ್ಚಿ ಚಿತ್ರವಾಗಿ ತೋರಿಸುತ್ತದೆ. ಈಗ ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ದವಾಖಾನೆಗಳಿಗೂ ಶಿಬಿರಗಳಿಗೂ ಬಂದಿದೆ. ಅದು ಎಲ್ಲಿಂದ ಬಂತು, ಎಷ್ಟನ್ನು ನಂಬಬೇಕು ಎಂಬುದೇ ಇವತ್ತಿನ ಮಾತು.

ಮೈಬಿಸಿಯನ್ನು ನೋಡಿ ರೋಗ ಹೇಳುವುದು ಹಳೆಯ ವಿದ್ಯೆ. ಗ್ರೀಸ್ ದೇಶದ ಹಿಪಾಕ್ರಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ರೋಗಿಯ ಮೈಗೆ ಹಸಿ ಮಣ್ಣು ಬಳಿದು, ಅದು ಮೊದಲು ಎಲ್ಲಿ ಒಣಗುತ್ತದೆಯೋ ಅಲ್ಲಿ ರೋಗವಿದೆಯೆಂದು ತಿಳಿಯುವ ಕ್ರಮ ಬರುತ್ತದೆ. ಮಣ್ಣಿನ ಗೋಡೆ ಸಾರಿಸಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಲೆಯ ಹಿಂದಿನ ಗೋಡೆಯೇ ಮೊದಲು ಒಣಗುತ್ತದೆ. ಆದರೆ ಬಿಸಿಯನ್ನು ಅಂಕಿಯಲ್ಲಿ ಹೇಳುವುದು ಬಹಳ ತಡವಾಗಿ ಬಂತು. ಜರ್ಮನಿಯ ವುಂಡರ್ಲಿಖ್ ಎಂಬ ವೈದ್ಯ ಸುಮಾರು 25,000 ರೋಗಿಗಳ ಮೈಬಿಸಿಯನ್ನು ಬರೆದಿಟ್ಟು 1868ರಲ್ಲಿ ಗ್ರಂಥ ಪ್ರಕಟಿಸಿದ ಮೇಲೆಯೇ ಜ್ವರಮಾಪಕ ವೈದ್ಯರ ಕೈಗೆ ಖಾಯಮ್ಮಾಗಿ ಬಂದದ್ದು.

ಅವಕೆಂಪು ಕಿರಣದ ಕಥೆ ಅದಕ್ಕೂ ಹಿಂದಿನದು. ವಿಲಿಯಂ ಹರ್ಷೆಲ್ ಜರ್ಮನಿಯಿಂದ ಇಂಗ್ಲೆಂಡಿಗೆ ಬಂದ ಸಂಗೀತಗಾರ. ನಕ್ಷತ್ರ ನೋಡುವ ಹುಚ್ಚು ಹತ್ತಿ, 1781ರಲ್ಲಿ ಯುರೇನಸ್ ಗ್ರಹವನ್ನೇ ಕಂಡುಹಿಡಿದ. 1800ರಲ್ಲಿ ಆತ ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಕಾಮನಬಿಲ್ಲಿನ ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟ. ನೇರಳೆಯಿಂದ ಕೆಂಪಿನ ಕಡೆಗೆ ಬಿಸಿ ಹೆಚ್ಚುತ್ತ ಹೋಯಿತು. ಕೆಂಪನ್ನೂ ದಾಟಿ, ಬಣ್ಣವೇ ಇಲ್ಲದ ಜಾಗದಲ್ಲಿಟ್ಟ ಮಾಪಕ ಎಲ್ಲಕ್ಕಿಂತ ಹೆಚ್ಚು ತೋರಿಸಿತು. ಕಣ್ಣಿಗೆ ಕಾಣದ ಕಿರಣವೊಂದು ಅಲ್ಲಿತ್ತು. ಮಗ ಜಾನ್ ಹರ್ಷೆಲ್ 1840ರಲ್ಲಿ ದೀಪದ ಕಾಡಿಗೆ ಹಿಡಿಸಿದ ಕಾಗದವನ್ನು ಮದ್ಯಸಾರದಲ್ಲಿ ತೋಯಿಸಿ, ಬಿಸಿ ತಾಗಿದ ಕಡೆ ಬೇಗ ಆರುವುದರಿಂದ ಮೂಡುವ ಚಿತ್ರ ತೆಗೆದ. ಯೋಚಿಸಿದರೆ ಇದೂ ಹಸಿ ಮಣ್ಣಿನ ಉಪಾಯವೇ.

1878ರ ಹೊತ್ತಿಗೆ ಅಮೆರಿಕದ ಲ್ಯಾಂಗ್ಲಿ ಎಂಬಾತ ‘ಬೊಲೊಮೀಟರ್’ ಕಟ್ಟಿದ. ತೆಳುವಾದ ಲೋಹದ ಪಟ್ಟಿ ಬಿಸಿಯಾದರೆ ಅದರಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಬಿಸಿ ತಿಳಿಯುತ್ತದೆ. ಮುಂದೆ ಸುಧಾರಿಸಿದ ಸಾಧನ ಕಾಲು ಮೈಲು ದೂರ ನಿಂತ ಆಕಳ ಮೈಬಿಸಿಯನ್ನೂ ಹಿಡಿಯುತ್ತಿತ್ತೆಂದು ಹೇಳುತ್ತಾರೆ. ಈ ಲೋಹದ ಪಟ್ಟಿಯನ್ನು ನೆನಪಿಟ್ಟುಕೊಳ್ಳಿರಿ. ನೂರು ವರ್ಷ ಬಿಟ್ಟು ಅದು ಮತ್ತೆ ಬರುತ್ತದೆ.

ನಮ್ಮೆಲ್ಲರ ಮೈ ಹಗಲು ರಾತ್ರಿ ಈ ಕಾಣದ ಕಿರಣವನ್ನು ಸೂಸುತ್ತಲೇ ಇರುತ್ತದೆ. ಕ್ಯಾಮೆರಾ ನಮ್ಮ ಮೇಲೆ ಏನನ್ನೂ ಬಿಡುವುದಿಲ್ಲ, ಬಂದದ್ದನ್ನು ಸ್ವೀಕರಿಸುತ್ತದೆ ಅಷ್ಟೆ. ಎಕ್ಸರೇ ಕಿರಣದ ಭಯ ಇದಕ್ಕೆ ಬೇಡ. ಇನ್ನೊಂದು ಸಮಾಧಾನವೂ ಉಂಟು: ಕಪ್ಪಗಿರಲಿ, ಕೆಂಪಗಿರಲಿ, ಮನುಷ್ಯರ ಚರ್ಮವೆಲ್ಲ ಈ ಕ್ಯಾಮೆರಾಕ್ಕೆ ಒಂದೇ. ಆದರೆ ಅದು ಚರ್ಮದ ಮೇಲ್ಮೈಯನ್ನಷ್ಟೇ ನೋಡುತ್ತದೆ. ಬಟ್ಟೆ ಅಡ್ಡ ಬಂದರೆ ಕಾಣುವುದು ಬಟ್ಟೆಯ ಬಿಸಿ. ಗಾಜು ಅಡ್ಡ ಬಂದರೂ ಅಷ್ಟೇ, ನಮ್ಮ ಕಣ್ಣಿಗೆ ಪಾರದರ್ಶಕವಾದ ಗಾಜು ಅದಕ್ಕೆ ಗೋಡೆ. ‘ಮೈಯೊಳಗೆಲ್ಲಾ ನೋಡುತ್ತದೆ’ ಎಂದು ಶಿಬಿರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿರಿ.

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಬೇಡಿಕೆ ಹುಟ್ಟಿದ್ದು 1956ರಲ್ಲಿ. ಕೆನಡಾದ ಮಾಂಟ್ರಿಯಲ್ಲಿನ ಶಸ್ತ್ರವೈದ್ಯ ರೇ ಲಾಸನ್, ಎದೆಯ ಕ್ಯಾನ್ಸರ್ ಇರುವ ಕಡೆ ಮೇಲಿನ ಚರ್ಮ ತುಸು ಹೆಚ್ಚು ಬಿಸಿಯಾಗಿರುವುದನ್ನು ಅಳೆದು ಬರೆದ. ಗಂಟು ಬೆಳೆಯಲು ರಕ್ತ ಬೇಕು, ಅದಕ್ಕಾಗಿ ಹೊಸ ರಕ್ತನಾಳಗಳು ಹುಟ್ಟುತ್ತವೆ, ರಕ್ತ ಹೆಚ್ಚು ಹರಿದಲ್ಲಿ ಬಿಸಿ ಹೆಚ್ಚು. ಆಗಿನ ಕ್ಯಾಮೆರಾ ಮಾತ್ರ ಎತ್ತಿಕೊಂಡು ತಿರುಗುವಂಥದ್ದಲ್ಲ. ಬಿಸಿಯನ್ನು ಗ್ರಹಿಸುವ ಅದರ ಭಾಗವನ್ನು ದ್ರವ ಸಾರಜನಕದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ ತಂಪಾಗಿಡಬೇಕಿತ್ತು. ಆಕಳಿಗೆ ಇಂಜೆಕ್ಷನ್ ಮಾಡಿ ಗರ್ಭ ಕಟ್ಟಿಸಲು ದನದ ಡಾಕ್ಟರರು ತರುವ ಡಬ್ಬಿಯ ಮುಚ್ಚಳ ತೆಗೆದಾಗ ಬಿಳಿ ಹೊಗೆ ಏಳುತ್ತದಲ್ಲ, ಅದೇ ದ್ರವ. ತನ್ನದೇ ಬಿಸಿಯಿಂದ ಗ್ರಾಹಕ ಗಲಿಬಿಲಿಗೊಳ್ಳದಿರಲಿ ಎಂದು ಈ ಖಟಪಟಿ.

ಆದರೂ ಉತ್ಸಾಹ ಬಹಳವಿತ್ತು. ಅಮೆರಿಕದಲ್ಲಿ 1973ರಿಂದ ಸುಮಾರು 2,80,000 ಹೆಂಗಸರ ಎದೆಯ ತಪಾಸಣೆಯ ದೊಡ್ಡ ಯೋಜನೆ ನಡೆಯಿತು. ಕೈಯಿಂದ ಪರೀಕ್ಷೆ, ಎದೆಯ ಎಕ್ಸರೇ ಎಂಬ ಮ್ಯಾಮೊಗ್ರಫಿ, ಇವುಗಳ ಜೊತೆಗೆ ಶಾಖದ ಚಿತ್ರವನ್ನೂ ಸೇರಿಸಿದ್ದರು. ಲೆಕ್ಕ ನೋಡಿದಾಗ ಇದ್ದ ಕ್ಯಾನ್ಸರುಗಳಲ್ಲಿ ಅರ್ಧದಷ್ಟನ್ನೂ ಶಾಖಚಿತ್ರ ಹಿಡಿದಿರಲಿಲ್ಲ. ಯೋಜನೆ ಮುಗಿಯುವ ಮೊದಲೇ ಅದನ್ನು ಕೈಬಿಟ್ಟರು. ಆಳದಲ್ಲಿರುವ ಗಂಟಿನ ಬಿಸಿ ಕೊಬ್ಬು ದಾಟಿ ಮೇಲೆ ಬರುವಷ್ಟರಲ್ಲಿ ಚದರಿಹೋಗುತ್ತದೆ. ಕೆಲವು ಗಂಟುಗಳಂತೂ ಬಿಸಿಯಾಗುವುದೇ ಇಲ್ಲ. 1982ರಲ್ಲಿ ಅಮೆರಿಕದ ಔಷಧ ಆಡಳಿತ ಇದಕ್ಕೆ ಅನುಮತಿ ಕೊಟ್ಟಿತಾದರೂ, ಬೇರೆ ಪರೀಕ್ಷೆಯ ಜೊತೆಗೆ ಸಹಾಯಕವಾಗಿ ಮಾತ್ರ. ಮ್ಯಾಮೊಗ್ರಫಿಯ ಬದಲು ಇದನ್ನು ಮಾರಬೇಡಿ ಎಂದು 2011ರಲ್ಲಿ, ಮತ್ತೆ 2019ರಲ್ಲಿ ಎಚ್ಚರಿಕೆ ಹೊರಡಿಸಿತು.

ಅಮೆರಿಕದವರು 1970ರ ದಶಕದಲ್ಲಿ ಕಲಿತ ಈ ಪಾಠ ನಮ್ಮ ಮನೆಗೆ ಬಂದದ್ದು 2014ರಲ್ಲಿ. ಆ ವರ್ಷದ ಏಪ್ರಿಲ್ಲಿನಲ್ಲಿ ನಮ್ಮ ಕಡೆಯ ಒಂದು ಊರಿನಲ್ಲಿ ಪುಕ್ಕಟೆ ಶಿಬಿರ ನಡೆಯಿತು. ಯಾರು ನಡೆಸಿದರು ಎಂಬುದು ಇಲ್ಲಿ ಬೇಡ. ನನ್ನ ತಂಗಿಗೆ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತಿತ್ತು. ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಮುಟ್ಟುವುದಿಲ್ಲ, ಒತ್ತುವುದಿಲ್ಲ, ಬರೀ ಫೋಟೋ ಎಂದಾಗ ಧೈರ್ಯ ಮಾಡಿ ಹೋದಳು. ಪತ್ರಾಸಿನ ಶೆಡ್ಡು, ಹೊರಗೆ ಸುಡುಬಿಸಿಲು, ಒಳಗೆ ಫ್ಯಾನು. ಚಿತ್ರ ತೆಗೆದು ‘ಏನೂ ಇಲ್ಲ’ ಎಂದು ಬರೆದುಕೊಟ್ಟರು. ಗಂಟಿದೆಯೇ ಎಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಆ ಕಾಗದವನ್ನು ದೇವರ ಮಾಡದಲ್ಲಿಟ್ಟುಕೊಂಡು ಎಂಟು ತಿಂಗಳು ಕಳೆದಳು. ಮಿರಜಕ್ಕೆ ಕರೆದೊಯ್ದಾಗ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಎದೆ ತೆಗೆಯಬೇಕಾಯಿತು. ಬದುಕಿದ್ದಾಳೆ, ಈ ಕಾರ್ಯಕ್ರಮ ಕೇಳುತ್ತಾಳೆ. ಈ ಸಂಗತಿ ಹೇಳಲೇ ಎಂದು ಕೇಳಿದಾಗ, “ಹೇಳೋ ಅಣ್ಣಾ, ನಾಕು ಮಂದಿಗೆ ಗೊತ್ತಾಗಲಿ” ಎಂದಳು.

ಆ ಶೆಡ್ಡಿನಲ್ಲಿ ಆದ ತಪ್ಪನ್ನು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಶಾಖಚಿತ್ರ ತೆಗೆಯುವ ಕೋಣೆ ಸುಮಾರು 20ರಿಂದ 24 ಡಿಗ್ರಿ ತಂಪಾಗಿರಬೇಕು, ಗಾಳಿ ನೇರವಾಗಿ ಮೈಗೆ ಬಡಿಯಬಾರದು, ಬಂದವರು ಬಟ್ಟೆ ಸಡಿಲಿಸಿ ಹದಿನೈದು ನಿಮಿಷ ಸುಮ್ಮನೆ ಕೂಡಬೇಕು. ಅದಕ್ಕೆ ಮೊದಲು ಬಿಸಿ ಚಹಾ, ತಂಬಾಕು, ಮೈಗೆ ಮುಲಾಮು ಇರಬಾರದು. ಮೈ ತಂಪಾದಾಗಲೇ ಒಳಗಿನ ಬಿಸಿ ಜಾಗ ಎದ್ದು ಕಾಣುವುದು. ನಮ್ಮ ಏಪ್ರಿಲ್ಲಿನ ಪತ್ರಾಸಿನ ಕೆಳಗೆ ಗಾಳಿಯೇ ಚರ್ಮದಷ್ಟು ಬಿಸಿ. ಅಲ್ಲಿ ತೆಗೆದ ಚಿತ್ರ ಸುಣ್ಣ ಬಳಿದ ಗೋಡೆಯ ಮೇಲೆ ಸುಣ್ಣದಲ್ಲೇ ಬರೆದ ಅಕ್ಷರ.

ಇನ್ನು ಈ ಕ್ಯಾಮೆರಾ ಅಂಗೈಗೆ ಬಂದ ಬಗೆ. ರಾತ್ರಿ ಕತ್ತಲೆಯಲ್ಲಿ ಶತ್ರುವನ್ನು ಕಾಣಲು ಸೈನ್ಯಕ್ಕೆ ಹಗುರವಾದ ಕ್ಯಾಮೆರಾ ಬೇಕಿತ್ತು. 1980ರ ದಶಕದಲ್ಲಿ ಅಮೆರಿಕದ ಹನಿವೆಲ್ ಕಂಪನಿ ಲ್ಯಾಂಗ್ಲಿಯ ಲೋಹದ ಪಟ್ಟಿಯನ್ನೇ ಕೂದಲೆಳೆಯ ಲೆಕ್ಕಕ್ಕೆ ಚಿಕ್ಕದು ಮಾಡಿ, ವೆನೇಡಿಯಂ ಆಕ್ಸೈಡಿನ ಸಾವಿರಾರು ಪಟ್ಟಿಗಳನ್ನು ಒಂದೇ ಚಿಪ್ಪಿನ ಮೇಲೆ ಸಾಲಾಗಿ ಕೂರಿಸಿತು. ಇದಕ್ಕೆ ದ್ರವ ಸಾರಜನಕ ಬೇಕಿಲ್ಲ. 1992ರವರೆಗೆ ಸೈನ್ಯದ ಗುಟ್ಟಾಗಿದ್ದದ್ದು ಆಮೇಲೆ ಬಯಲಾಯಿತು. 2003ರಲ್ಲಿ ಸಾರ್ಸ್ ರೋಗ ಹಬ್ಬಿದಾಗ ಸಿಂಗಪುರದವರು ಪ್ರಯಾಣಿಕರ ಜ್ವರ ನೋಡಲು ಶಾಖದ ಕ್ಯಾಮೆರಾ ನಿಲ್ಲಿಸಿದರು. 2014ರಲ್ಲಿ ಫ್ಲಿರ್ ಕಂಪನಿ ಮೊಬೈಲ್ ಫೋನಿಗೆ ಸಿಕ್ಕಿಸುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿ ನನ್ನ ಹಳೆಯ ಉದ್ಯೋಗದ ಒಂದು ಮಾತು ಹೇಳಬೇಕು. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಬೆಳಿಗ್ಗೆ ಓಪನಿಂಗ್ ಬ್ಯಾಲೆನ್ಸನ್ನು ತಪ್ಪಾಗಿ ಹಿಡಿದರೆ ಸಂಜೆಯ ಮೊತ್ತವೂ ತಪ್ಪು. ಆದರೆ ಆ ದಿನದ ಜಮಾ ಎಷ್ಟು, ಖರ್ಚು ಎಷ್ಟು, ಎರಡರ ಅಂತರವೆಷ್ಟು ಎಂಬುದು ಮಾತ್ರ ಸರಿಯಾಗಿಯೇ ಇರುತ್ತದೆ. ಸಣ್ಣ ಶಾಖದ ಕ್ಯಾಮೆರಾದ ಸ್ಥಿತಿ ಹೀಗೆಯೇ. ಅಕ್ಕಪಕ್ಕದ ಎರಡು ಜಾಗಗಳಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ವ್ಯತ್ಯಾಸವಿದ್ದರೂ ಅದು ಹೆಚ್ಚುಕಡಿಮೆ ಹಿಡಿಯುತ್ತದೆ. ಆದರೆ ‘ಈ ಹಣೆ ಇಷ್ಟೇ ಡಿಗ್ರಿ’ ಎಂದು ಹೇಳುವಾಗ ಅಗ್ಗದ ಕ್ಯಾಮೆರಾ ಎರಡು ಮೂರು ಡಿಗ್ರಿ ಆಚೀಚೆ ಹೇಳಬಹುದು. ಜ್ವರಕ್ಕೂ ಜ್ವರವಿಲ್ಲದ್ದಕ್ಕೂ ಇರುವ ಅಂತರವೇ ಒಂದೆರಡು ಡಿಗ್ರಿ! ಆದ್ದರಿಂದಲೇ ಜ್ವರ ನೋಡುವ ಕ್ಯಾಮೆರಾಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. ತಪ್ಪು ಅರ್ಧ ಡಿಗ್ರಿ ದಾಟಬಾರದು, ಪಕ್ಕದಲ್ಲಿ ಬಿಸಿ ಗೊತ್ತಿರುವ ಕಪ್ಪು ಫಲಕವನ್ನಿಟ್ಟು ತಾಳೆ ನೋಡಬೇಕು, ಒಬ್ಬೊಬ್ಬರನ್ನೇ ನಿಲ್ಲಿಸಿ ಕನ್ನಡಕ ತೆಗೆಸಿ ಕಣ್ಣಿನ ಒಳಮೂಲೆಯನ್ನು ಅಳೆಯಬೇಕು. ಹಣೆಗಿಂತ ಆ ಮೂಲೆ ಮೈಯ ಒಳಬಿಸಿಗೆ ಹತ್ತಿರ. ಕರೋನಾ ಕಾಲದಲ್ಲಿ ಗುಂಪಿನ ಮೇಲೆ ಕ್ಯಾಮೆರಾ ತಿರುಗಿಸಿ ಜ್ವರ ಹುಡುಕಿದ ಕಡೆಗಳಲ್ಲಿ ಈ ನಿಯಮಗಳಲ್ಲಿ ಎಷ್ಟನ್ನು ಪಾಲಿಸಿದರೋ ನೀವೇ ಊಹಿಸಿರಿ. ಸೋಂಕಿದ್ದೂ ಜ್ವರವಿಲ್ಲದವರು ಅದರ ಮುಂದೆಯೇ ನಡೆದುಹೋಗಿರಬೇಕು.

ನಮ್ಮ ಕನ್ನಡ ನೆಲದಲ್ಲಿ ಈ ಹಳೆಯ ವಿದ್ಯೆಗೆ ಮತ್ತೆ ಜೀವ ಕೊಟ್ಟವರು ಗೀತಾ ಮಂಜುನಾಥ್. ಕಂಪ್ಯೂಟರ್ ಸಂಶೋಧನೆಯಲ್ಲಿದ್ದ ಅವರು 2016ರಲ್ಲಿ ಬೆಂಗಳೂರಿನಲ್ಲಿ ನಿಧಿ ಮಾಥುರ್ ಅವರೊಂದಿಗೆ ‘ನಿರಾಮಯ್’ ಸಂಸ್ಥೆ ಕಟ್ಟಿದರು. ಶಾಖಚಿತ್ರವನ್ನು ಮನುಷ್ಯನ ಕಣ್ಣು ಓದುವ ಬದಲು ಕಂಪ್ಯೂಟರ್ ಓದುವುದು, ಎರಡು ಎದೆಗಳ ಬಿಸಿಯನ್ನೂ ರಕ್ತನಾಳಗಳ ಹರವನ್ನೂ ಹೋಲಿಸಿ ಲೆಕ್ಕ ಹಾಕುವುದು ಅವರ ಕ್ರಮ. 2020ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನದಲ್ಲಿ 470 ಹೆಂಗಸರನ್ನು ಪರೀಕ್ಷಿಸಿದ್ದರು. ಕ್ಯಾನ್ಸರ್ ಇದ್ದ ನೂರರಲ್ಲಿ 91ನ್ನು ಅದು ಗುರುತಿಸಿತು, ಇಲ್ಲದ ನೂರರಲ್ಲಿ 82 ಮಂದಿಗೆ ಇಲ್ಲವೆಂದೇ ಹೇಳಿತು. ಯಾವ ತೊಂದರೆಯೂ ಇಲ್ಲದೆ ಬಂದವರಲ್ಲಿ ಈ ಎರಡನೆಯ ಅಂಕಿ 92. ಹಳೆಯ ಲೆಕ್ಕಕ್ಕೆ ಹೋಲಿಸಿದರೆ ದೊಡ್ಡ ಸುಧಾರಣೆಯೇ ಸರಿ. ಮುಟ್ಟಿಸಿಕೊಳ್ಳದೆ, ಪರದೆಯ ಹಿಂದೆ ಒಬ್ಬಳೇ ನಿಂತು ಪರೀಕ್ಷೆ ಮುಗಿಯುತ್ತದೆ ಎಂಬುದು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಮಾತೆಂದು ನನ್ನ ತಂಗಿಯಿಂದ ಬಲ್ಲೆ.

ಆದರೆ ಗುಮಾಸ್ತನಾಗಿದ್ದವನು ಲೆಕ್ಕ ಬಿಟ್ಟಾನೇ? ತೊಂದರೆಯಿಲ್ಲದ ಸಾವಿರ ಹೆಂಗಸರು ಸಾಲಾಗಿ ನಿಂತರೆ ನೂರಕ್ಕೆ 92ರ ಲೆಕ್ಕದಲ್ಲಿ ಸುಮಾರು ಎಂಬತ್ತು ಮಂದಿಗೆ ಸುಮ್ಮಸುಮ್ಮನೆ ಗಾಬರಿ. ಅವರನ್ನೆಲ್ಲ ಮುಂದಿನ ಪರೀಕ್ಷೆಗೆ ಮಿರಜಕ್ಕೋ ವಿಜಯಪುರಕ್ಕೋ ಕರೆದೊಯ್ಯುವವರು ಯಾರು, ಬಸ್ಸಿನ ಖರ್ಚು ಯಾರದು, ಆ ದಿನದ ಕೂಲಿ ಯಾರು ಕೊಡುತ್ತಾರೆ? ಇದನ್ನು ಗೊತ್ತುಮಾಡದೆ ಶಿಬಿರ ನಡೆಸಬಾರದು. 2022ರಲ್ಲಿ ಅಮೆರಿಕದ ಔಷಧ ಆಡಳಿತ ಈ ಬೆಂಗಳೂರಿನ ಸಾಧನಕ್ಕೂ ಮಂಜೂರಾತಿ ಕೊಟ್ಟಿತು, ಅದೂ ಸಹಾಯಕ ಪರೀಕ್ಷೆಯಾಗಿಯೇ.

ಇದೇ ಹೊತ್ತಿನಲ್ಲಿ ನಮ್ಮ ಮಹಾರಾಷ್ಟ್ರದ್ದೇ ಒಂದು ಕೆಲಸ ನೆನಪಾಗುತ್ತದೆ. ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ ಇಪ್ಪತ್ತು ವರ್ಷ, ಕೊಳಚೆ ಪ್ರದೇಶದ ಒಂದೂವರೆ ಲಕ್ಷ ಹೆಂಗಸರಲ್ಲಿ ಒಂದು ಪ್ರಯೋಗ ನಡೆಸಿದರು. ಯಂತ್ರವಿಲ್ಲ. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷಿಸುವುದು, ಅಷ್ಟೇ. ಐವತ್ತು ದಾಟಿದವರಲ್ಲಿ ಎದೆಯ ಕ್ಯಾನ್ಸರಿನ ಸಾವು ನೂರಕ್ಕೆ ಮೂವತ್ತರ ಸುಮಾರು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟಿಸಿದರು. ಐವತ್ತರ ಒಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ತಂಗಿಯ ಗಂಟು ಆಕೆಯ ಕೈಗೇ ಸಿಕ್ಕಿತ್ತಲ್ಲ!

ಕೈ ಎಂದೊಡನೆ ಪಾಲ್ ಬ್ರ್ಯಾಂಡರ ಹೆಸರು ತೆಗೆಯಲೇಬೇಕು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ಸರಿಪಡಿಸಿದ ಶಸ್ತ್ರವೈದ್ಯ. ಕುಷ್ಠದಿಂದ ಬೆರಳು ತಾನಾಗಿ ಕೊಳೆತು ಬೀಳುವುದಿಲ್ಲ, ಸ್ಪರ್ಶಜ್ಞಾನ ಹೋದ ಕಾಲಿಗೆ ಪೆಟ್ಟು ಬಿದ್ದದ್ದು ತಿಳಿಯದೆ ಹಾಳಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು. ಹುಣ್ಣಾಗುವ ಮೊದಲೇ ಆ ಜಾಗ ಬಿಸಿಯಾಗುತ್ತದೆಂದು ಅವರು ಅಂಗೈಯಿಂದ ಪಾದ ಸವರಿ ಹೇಳುತ್ತಿದ್ದರು. 1966ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಅದೇ ಬಿಸಿಯನ್ನು ಶಾಖದ ಯಂತ್ರದಲ್ಲಿ ನೋಡತೊಡಗಿದರು.

ಈ ವಿದ್ಯೆ ಸಕ್ಕರೆ ಬೇನೆಯವರಿಗೂ ಬಂತು. ನಮ್ಮ ಕಾಲೂ ಹಾಗೆಯೇ ಜೋಮು ಹಿಡಿದು ನೋವು ಮರೆಯುತ್ತದೆ. ಬಲಪಾದದ ಒಂದು ಜಾಗ ಎಡಪಾದದ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಿದ್ದರೆ ಅಪಾಯ ಹತ್ತಿರ ಬಂದಿದೆಯೆಂದು ಅಮೆರಿಕದ ವೈದ್ಯರು ಗೊತ್ತುಮಾಡಿದರು. 2004ರ ಒಂದು ಪ್ರಯೋಗದಲ್ಲಿ 85 ರೋಗಿಗಳಲ್ಲಿ ಕೆಲವರಿಗೆ ಕೈಯಲ್ಲಿ ಹಿಡಿಯುವ ಅವಕೆಂಪು ಮಾಪಕ ಕೊಟ್ಟು, ದಿನವೂ ಎರಡು ಪಾದ ಹೋಲಿಸಿ ನೋಡಿ, ಅಂತರ ಕಂಡರೆ ನಡೆದಾಟ ಕಡಿಮೆ ಮಾಡಿ ಎಂದರು. ಆರು ತಿಂಗಳಲ್ಲಿ ಮಾಪಕವಿಲ್ಲದವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ ಪಾದದ ತೊಂದರೆ ಕಂಡಿತು, ಮಾಪಕವಿದ್ದವರಲ್ಲಿ ನೂರಕ್ಕೆ ಇಬ್ಬರಿಗೆ. ಓಪನಿಂಗ್ ಬ್ಯಾಲೆನ್ಸ್ ತಪ್ಪಿದರೂ ಇಲ್ಲಿ ಚಿಂತೆಯಿಲ್ಲ ನೋಡಿರಿ. ಬೇಕಾಗಿರುವುದು ಎರಡು ಕಾಲುಗಳ ಅಂತರ ಮಾತ್ರ. ಸಣ್ಣ ಕ್ಯಾಮೆರಾ ಚೆನ್ನಾಗಿ ಮಾಡಬಲ್ಲ ಕೆಲಸ ಅದೇ.

ನನಗೆ ಸಕ್ಕರೆ ಬೇನೆ ಬಂದು ಹದಿನಾರು ವರ್ಷ. ಆದರೂ ಒಂದು ವರ್ಷ ಕಾರ್ತಿಕದಲ್ಲಿ ಹಟ ಮಾಡಿ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಬರಿಗಾಲಲ್ಲಿ ನಡೆದುಹೋದೆ. ಕಾಲು ನೋಯಲೇ ಇಲ್ಲ, ತಾಯಿಯ ಕೃಪೆ ಎಂದುಕೊಂಡೆ. ವಾರ ಬಿಟ್ಟು ಸಕ್ಕರೆ ತೋರಿಸಲು ಮಿರಜಕ್ಕೆ ಹೋದಾಗ, ಡಾಕ್ಟರಬಾಯಿ ನನ್ನನ್ನು ತಂಪು ಕೋಣೆಯಲ್ಲಿ ಕಾಲು ಚಾಚಿ ಮಲಗಿಸಿ, ಹದಿನೈದು ನಿಮಿಷ ಬಿಟ್ಟು ಫೋನಿಗೆ ಸಿಕ್ಕಿಸಿದ ಕ್ಯಾಮೆರಾ ಹಿಡಿದರು. ಎಡಪಾದವೆಲ್ಲ ನೀಲಿ. ಬಲಪಾದದ ಹೆಬ್ಬೆರಳ ಬುಡದಲ್ಲಿ ರೂಪಾಯಿಯಗಲ ಹಳದಿ. “ಕಾಕಾ, ಹೇ ಬಘಾ” ಎಂದು ತೋರಿಸಿ, ತಾವೂ ಬೆರಳಿನಿಂದ ಒತ್ತಿ ನೋಡಿದರು. ಮೇಲೆ ಗಾಯವಿರಲಿಲ್ಲ, ಒತ್ತಿದ್ದು ನನಗೆ ತಿಳಿಯಲೂ ಇಲ್ಲ. ಮೂರು ವಾರ ಆ ಕಾಲು ಊರಬೇಡಿ ಎಂದರು, ಮೆತ್ತನೆಯ ಚಪ್ಪಲಿ ಮಾಡಿಸಿಕೊಟ್ಟರು. ಮತ್ತೆ ಹೋದಾಗ ಎರಡೂ ಪಾದ ನೀಲಿ.

ಕ್ಯಾಮೆರಾ ನಮ್ಮ ಮನೆಯಲ್ಲಿಲ್ಲ. ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಅಂಗೈಯ ಹಿಂಬದಿಯಿಂದ ನನ್ನ ಎರಡೂ ಪಾದಗಳನ್ನು ಸವರಿ ನೋಡುತ್ತಾರೆ. “ಬಲಗಾಲು ಬೆಚ್ಚಗೈತಿ” ಎಂದ ದಿನ ಮರುದಿನ ನಾನು ಹೊಲಕ್ಕೆ ಹೋಗುವುದಿಲ್ಲ.